ಹಗ್ಗದ ಆ ತುದಿ

ಗಾಣದಜ್ಜನ ಮುಖಕ್ಕೆ ವಾರ್ಸಿನಾ ಉಗುಳು ಹಚ್ಚುತ್ತಿದ್ದಾಳೆ ಎಂಬ ಸುದ್ದಿ ವಟುಸಾರಿ ಊರಿಗೆ ಮುಟ್ಟಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನಿಂದ ಸಂತೆಬೀದಿಗೆ ಇಪ್ಪತ್ತು ನಿಮಿಷದ ನಡಿಗೆ. ಉಳಿದ ಹೊತ್ತು ಸುದ್ದಿ ತಂದವನು ಕಾಫಿ ಕುಡಿಯಲು ತೆಗೆದುಕೊಂಡದ್ದು. ಅವನ ಲೋಟ ಖಾಲಿಯಾಗುವ ಮೊದಲೇ ಹೆಂಗಸರು ಗುಂಪು ಕಟ್ಟಿಕೊಂಡು ಹೊರಟಾಗಿತ್ತು. ಮುಂದಾಳು ತುಮಿರಾ. ಊರಲ್ಲಿ ಯಾರ ಮನೆಯ ಊಟವಾದರೂ ಸೌಟು ಹಿಡಿಯುವವಳು ಅವಳು, ಯಾರ ಮನೆಯ ಜಗಳವಾದರೂ ತೀರ್ಪು ಕೊಡುವವಳೂ ಅವಳೇ.

"ಅಲ್ಲ ಕಣಮ್ಮೀ, ನಿಂಗೇನ್ ಬಂದದೆ ದೊಡ್ರೋಗ? ಅಜ್ಜನ ಮೊಕದ ಮೇಲೆ ಉಗೀತಾ ಕುಂತಿದ್ದೀಯಲ್ಲ!" ಗಾಣದ ಮನೆಯ ಬಾಗಿಲಲ್ಲೇ ತುಮಿರಾ ಶುರುಮಾಡಿದಳು.

ಏಣಿಯ ಮೇಲೆ ಕೂತಿದ್ದ ವಾರ್ಸಿನಾ ತಿರುಗಿ ನೋಡಲಿಲ್ಲ. ಬಿದಿರು ಕಡ್ಡಿಗೆ ಸುತ್ತಿದ ಹತ್ತಿಯನ್ನು ಬಾಯಿಯಿಂದ ತೆಗೆದು, "ಉಗೀತಿಲ್ಲ ಕಣಕ್ಕ, ಒರೆಸ್ತಾ ಇವ್ನಿ. ಹಳೇ ಬಣ್ಣಕ್ಕೆ ಉಗುಳಷ್ಟು ಒಳ್ಳೆ ಸೋಪು ಇನ್ನೊಂದಿಲ್ಲ. ಜೋಗ್ಜಾದಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳೇ ಹಿಂಗೇ ಮಾಡೋದು" ಎಂದಳು.

"ಅಲ್ಲಿ ಮೇಷ್ಟ್ರುಗಳ ಬಾಯಿ ಹೆಂಗದೋ ಯಾರಿಗ್ ಗೊತ್ತು. ನಿನ್ ಬಾಯಿ ಎಂಥದು ಅಂತ ನಮಗ್ ಗೊತ್ತು."

ಹೆಂಗಸರೆಲ್ಲ ನಕ್ಕರು. ವಾರ್ಸಿನಾ ಕೂಡ ನಕ್ಕು, ಒಂದು ಬಿಂಬುಳಿಕಾಯಿಯನ್ನು ಬಾಯಿಗೆ ಹಾಕಿಕೊಂಡಳು. ಬೆಳಗಿನಿಂದ ಒರೆಸಿ ಒರೆಸಿ ಬಾಯಿ ಒಣಗಿಹೋದಾಗ ನೀರೂರಲು ಆ ಹುಳಿಯೇ ಆಗಬೇಕು. ಐವತ್ತೆರಡು ವರ್ಷದ ಈ ಹೆಂಗಸು ನಾಟಕದ ಪರದೆ ಬರೆಯುವವಳು. ಸಕ್ಕರೆ ಕಂಪನಿಯ ಕಬ್ಬಿನ ಬಂಡಿಗಳಿಗೆ ನಂಬರು ಬರೆಯುವುದೂ ಅವಳೇ. ಒಮ್ಮೆ ಜೋಗ್ಜಾದ ವಸ್ತುಸಂಗ್ರಹಾಲಯದಲ್ಲಿ ಆರು ತಿಂಗಳು ಹಳೆಯ ಚಿತ್ರ ತೊಳೆಯುವವರ ಕೈಕೆಳಗೆ ಹತ್ತಿ ಸುತ್ತಿದ್ದಳು. ಅಷ್ಟು ಸಾಕಾಗಿತ್ತು ಕಂಪನಿಗೆ. ಈ ಸಲ ಕಬ್ಬು ಅರೆಯುವ ಮೊದಲ ದಿನಕ್ಕೆ ಪರದೇಶದಿಂದ ಅತಿಥಿಗಳು ಬರುತ್ತಾರೆ, ಗಾಣದ ಮನೆಯ ಗೋಡೆಯ ಚಿತ್ರ ಹೊಳೆಯಬೇಕು ಎಂದು ಮ್ಯಾನೇಜರು ಇಂದ್ರಾತ್ಮೊ ಅವಳಿಗೇ ಹೇಳಿಕಳಿಸಿದ್ದ.

ಚಿತ್ರ ಎರಡು ಬಾಗಿಲಷ್ಟು ಅಗಲವಿತ್ತು. ಡಚ್ಚರ ಕಾಲದ್ದು, ಬರೆದವನ ಹೆಸರು ಯಾರಿಗೂ ತಿಳಿಯದು. ಹಿಂದೆ ಬೆಟ್ಟ, ಬೆಟ್ಟದ ಮುಂದೆ ಹೊಗೆಗೊಳವೆ, ಸುಣ್ಣ ಬಳಿದ ಕಾರ್ಖಾನೆ, ಕಬ್ಬು ಹೇರಿದ ಗಾಡಿಗಳು. ನಡುವೆ ಕೊಡೆಯ ನೆರಳಲ್ಲಿ ದಪ್ಪ ಮೀಸೆಯ ಒಬ್ಬ ಮನುಷ್ಯ. ಸೊಂಟದಲ್ಲಿ ಕಠಾರಿ, ಬಲಗೈಯಲ್ಲಿ ಕಬ್ಬಿನ ಜಲ್ಲೆ, ಎಡಗೈಯಲ್ಲಿ ಹಗ್ಗ. ಹಗ್ಗ ಎಡಮೂಲೆಯ ಕಡೆಗೆ ಹೋಗಿ ಕಪ್ಪಿನಲ್ಲಿ ಕರಗಿಹೋಗುತ್ತಿತ್ತು. ಆ ಮನುಷ್ಯನೇ ಗಾಣದಜ್ಜ. ಈ ನೆಲಕ್ಕೆ ಮೊದಲ ಕೋಣವನ್ನು ಹೊಡೆದುಕೊಂಡು ಬಂದು, ಅದನ್ನು ಗಾಣಕ್ಕೆ ಕಟ್ಟಿ, ಊರಿಗೆ ಅನ್ನ ತೋರಿಸಿದವನು ಅವನು ಎಂದು ಎಲ್ಲರೂ ನಂಬಿದ್ದರು. ಹಗ್ಗದ ಆ ತುದಿಯಲ್ಲಿರುವುದು ಆ ಕೋಣ. ಹೊಗೆ ಹಿಡಿದು ಕಾಣುವುದಿಲ್ಲ, ಅಷ್ಟೇ.

ಹೊಗೆ ಹಿಡಿಸಿದ್ದೂ ಊರವರೇ. ಪ್ರತಿ ವರ್ಷ ಕಬ್ಬು ಅರೆಯುವ ಮೊದಲ ದಿನ, ಕಬ್ಬಿನ ಮದುವೆಯಂದು, ಚಿತ್ರದ ಎಡಬದಿಯಲ್ಲಿ ಮುಷ್ಟಿ ಮುಷ್ಟಿ ಲೋಬಾನ ಸುರಿದು ಕೆಂಡದ ಮೇಲೆ ಸುಡುತ್ತಿದ್ದರು. ಗದ್ದೆಯಲ್ಲಿ ಎಲ್ಲಕ್ಕಿಂತ ಎತ್ತರ ಬೆಳೆದ ಎರಡು ಜಲ್ಲೆಗಳಿಗೆ ಬಾಟಿಕ್ ಬಟ್ಟೆ ಉಡಿಸಿ, ಹೂ ಮುಡಿಸಿ, ಗಂಡು ಹೆಣ್ಣು ಎಂದು ಹೆಸರಿಟ್ಟು ಮೆರವಣಿಗೆಯಲ್ಲಿ ತರುತ್ತಾರೆ. ಅಜ್ಜನಿಗೆ ಕಪ್ಪು ಕಾಫಿ, ಲವಂಗದ ಸಿಗರೇಟು, ಮಲ್ಲಿಗೆ. ಕೋಣಕ್ಕೆ ಒಂದು ಹೊರೆ ಹಸಿ ಹುಲ್ಲು. ಆಮೇಲೆ ವಾರ್ಸಿನಾಳ ದೊಡ್ಡಪ್ಪ ಕಾರ್ಸೊ ಮುಂದೆ ಬಂದು, ಅರಮನೆಯ ಗೌರವದ ಮಾತಿನಲ್ಲಿ ಅಜ್ಜನ ಅಪ್ಪಣೆ ಕೇಳುತ್ತಾನೆ. ಅಪ್ಪಣೆ ಕೇಳಿದ ಮೇಲಷ್ಟೇ ಮೊದಲ ಗಾಣ ನಡೆಸುವ ಸಕಿಮಾನ್ ಹಬೆಯ ಕೀಲಿ ತಿರುಗಿಸುವುದು. ಐದು ತಲೆಮಾರಿನಿಂದ ಈ ಹಕ್ಕು ಕಾರ್ಸೊನ ಮನೆತನದ್ದು, ಏಕೆಂದರೆ ಅವರು ಅಜ್ಜನ ಸಾಕ್ಷಾತ್ ವಂಶ. ಹಾಗೆಂದು ಅವರೇ ಹೇಳುತ್ತಿದ್ದರು, ಯಾರೂ ಇಲ್ಲವೆಂದಿರಲಿಲ್ಲ. ವಾರ್ಸಿನಾಳ ತಂದೆ ಎಪ್ಪತ್ತರ ದಶಕದ ಒಂದು ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಆಗಿನ ಮ್ಯಾನೇಜರೊಬ್ಬ ಚಿತ್ರವನ್ನು ಸುರಬಾಯಾದ ಕಚೇರಿಗೆ ಸಾಗಿಸಲು ಹೊರಟಾಗ ಕೆಲಸದವರು ಒಂಬತ್ತು ದಿನ ಗಾಣ ಮುಟ್ಟಲಿಲ್ಲವಂತೆ. ಚಿತ್ರದೊಳಗಿಂದ ಅಪ್ಪಣೆ ಕೊಡುವವರ ಮೇಲೆ ಕೈ ಮಾಡುವಂತಿಲ್ಲ ಎಂಬುದು ಅಂದಿನಿಂದ ಕಂಪನಿಗೂ ಗೊತ್ತಾಗಿಹೋಗಿತ್ತು.

ಮೊದಲ ವಾರ ಬೆಟ್ಟ ಬೆಳಗಿತು, ಕಾರ್ಖಾನೆ ಬೆಳ್ಳಗಾಯಿತು. ಎರಡನೇ ವಾರ ಅಜ್ಜನ ಸರದಿ. ಅವನ ಬಲಗೈಯನ್ನು ಒರೆಸುವಾಗ ವಾರ್ಸಿನಾಳಿಗೆ ಮೊದಲ ಅನುಮಾನ ಬಂತು. ಜಲ್ಲೆಗೆ ಗೆಣ್ಣೇ ಇಲ್ಲ. ಕಬ್ಬಿನ ಊರಲ್ಲಿ ಹುಟ್ಟಿದವರಿಗೆ ಗೆಣ್ಣಿಲ್ಲದ ಕಬ್ಬು ತೋರಿಸಿದರೆ ನಂಬುತ್ತಾರೆಯೇ? ಅದು ಕಬ್ಬಲ್ಲ, ಬೆತ್ತ. ತುದಿಯಲ್ಲಿ ಸೀಳಿದ ಬೆತ್ತ. ಅವಳು ಯಾರಿಗೂ ಏನೂ ಹೇಳದೆ ಎಡಗೈಗೆ ಬಂದಳು, ಹಗ್ಗವನ್ನು ಹಿಡಿದು ಒಂದೊಂದೇ ಬೆರಳಗಲ ಎಡಕ್ಕೆ ಹೋದಳು. ಹತ್ತಿ ಕರ್ರಗಾಗುತ್ತಿತ್ತು, ಬಿಸಾಡಿ ಇನ್ನೊಂದು ಸುತ್ತುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಹಗ್ಗ ಒಂದು ಕಡೆ ಗಂಟಾಯಿತು. ಗಂಟಿನ ಕೆಳಗೆ ಒಂದು ತೋಳು ಕಂಡಿತು.

ಅಂದು ಅವಳು ಊಟಕ್ಕೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬ ಮನುಷ್ಯ ಪೂರ್ತಿ ಹೊರಬಂದ. ತೋಳುಗಳನ್ನು ಹಿಂದಕ್ಕೆ ಕಟ್ಟಿದ್ದರು. ಅವನಿಂದ ಹಗ್ಗ ಇನ್ನೊಬ್ಬನಿಗೆ, ಇನ್ನೊಬ್ಬನಿಂದ ಮತ್ತೊಬ್ಬನಿಗೆ ಹೋಗಿತ್ತು; ಮುಂದಿನ ಒಂದು ವಾರದಲ್ಲಿ ಹತ್ತು ಜನ ಹೊರಬಂದರು. ಕಾರ್ಖಾನೆಗೆ ಜನರನ್ನು ಸಾಗಿಸುತ್ತಿರುವ ಸಾಲು ಅದು. ಅಜ್ಜನ ಮುಖವನ್ನು ಚಿತ್ರಕಾರ ಅಂಗಡಿಯ ಬೋರ್ಡಿನಂತೆ ನುಣ್ಣಗೆ ಎಳೆದು ಮುಗಿಸಿದ್ದ. ಈ ಜನರ ಮುಖಗಳನ್ನು ಮಾತ್ರ ಒಬ್ಬೊಬ್ಬರದೇ ಕೂತು ನೋಡಿ ಬರೆದಿದ್ದ. ವಾರ್ಸಿನಾಳಿಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಚಿಕ್ಕವಳಿದ್ದಾಗ ಪ್ರತಿ ವರ್ಷ ಆ ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವಳು ಅವಳೇ.

ಮುಚ್ಚಿಡುವ ಯೋಚನೆ ಅವಳಿಗೆ ಬರಲೇ ಇಲ್ಲ. ಹತ್ತನೆಯವನು ಕಂಡ ಮಾರನೆಯ ದಿನ ಅವಳೇ ತುಮಿರಾಳ ಮನೆಗೆ ಹೋಗಿ, "ಬಾರಕ್ಕ, ಬಂದು ನೋಡು" ಎಂದು ಕರೆದಳು. ತುಮಿರಾ ಒಬ್ಬಳೇ ಬರುವ ಪೈಕಿಯೇ? ಹತ್ತು ಹನ್ನೆರಡು ಜನ ಬಂದರು. ಬಂದವರು ಹಗ್ಗದ ಜಾಡು ಹಿಡಿದು ಒಬ್ಬೊಬ್ಬರನ್ನೇ ನೋಡುತ್ತ ಮೂಲೆಯವರೆಗೆ ಹೋದರು.

"ಕೋಣ ಎಲ್ಲಮ್ಮೀ?" ಕೊನೆಗೆ ತುಮಿರಾ ಕೇಳಿದಳು. ಅವಳ ದನಿ ಯಾವತ್ತಿನ ದನಿಯಾಗಿರಲಿಲ್ಲ.

"ಕೋಣ ಇಲ್ಲ ಕಣಕ್ಕ."

"ಇನ್ನೂ ಒರೆಸು, ಸಿಗ್ತದೆ."

"ಹತ್ತು ಜನ ಸಿಕ್ಕವ್ರೆ. ಹನ್ನೊಂದನೇವ್ರು ಮೂಲೇಲಿ ಅವ್ರೆ. ಚೌಕಟ್ಟು ಅಲ್ಲಿಗೇ ಮುಗೀತದೆ. ಕೋಣಕ್ಕೆ ಎಲ್ಲದೆ ಜಾಗ?"

ತುಮಿರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ನಪ್ಪ. ಹುಲ್ಲು ಹಾಕ್ತಿದ್ವಲ್ಲೇ ನಾವು" ಎಂದು ಮೆಲ್ಲಗೆ ಹೇಳಿದಳು.

ಬಲವಂತದ ಬೇಸಾಯ ಎಂದು ಶಾಲೆಯ ಪುಸ್ತಕದಲ್ಲಿ ಒಂದು ಪುಟವಿತ್ತು. ಡಚ್ಚರು ಜನರ ಗದ್ದೆಯಲ್ಲಿ ಭತ್ತ ಕೀಳಿಸಿ ಕಬ್ಬು ನೆಡಿಸಿದರು, ಕಾರ್ಖಾನೆಗೆ ಬಿಟ್ಟಿ ದುಡಿಸಿದರು, ಓಡಿಹೋದವರನ್ನು ಹಿಡಿದು ತಂದರು. ಪರೀಕ್ಷೆಗೆ ಮೂರು ಅಂಕದ ಪ್ರಶ್ನೆ. ಊರಿನ ಮಕ್ಕಳೆಲ್ಲ ಅದನ್ನು ಬಾಯಿಪಾಠ ಮಾಡಿ ಬರೆದು, ಅದು ಬೇರೆ ಎಲ್ಲೋ ನಡೆದದ್ದು ಎಂದು ತಿಳಿದು ಮನೆಗೆ ಬಂದಿದ್ದರು. ವಟುಸಾರಿಯಲ್ಲಿ ಹಾಗೆ ಆಗಿರಲಿಲ್ಲ. ವಟುಸಾರಿಗೆ ಗಾಣದಜ್ಜನಿದ್ದ.

ಎರಡು ದಿನದಲ್ಲಿ ಇಡೀ ಊರು ಬಂದು ನೋಡಿಹೋಯಿತು. ಜನ ಎಂಥವರೆಂದರೆ, ಮೊದಲ ದಿನ ಅತ್ತವರು ಎರಡನೆಯ ದಿನ ಪಾಲಿಗೆ ನಿಂತರು. ಎರಡನೆಯವನ ಕಿವಿಗಳು ಮೊರದಂತೆ ಅಗಲವಾಗಿದ್ದವು. "ಲೋ ಸಕಿಮಾನ, ನಿನ್ ಕಿವಿ ಕಣ್ಲಾ ಅದು!" ಎಂದು ಯಾರೋ ಕೂಗಿದರು. ಗಾಣದ ಸಕಿಮಾನ್ ತನ್ನ ಕಿವಿ ಮುಟ್ಟಿ ನೋಡಿಕೊಂಡು, ಟೊಪ್ಪಿ ತೆಗೆದು, ಆ ಮನುಷ್ಯನ ಮುಂದೆ ತಲೆ ತಗ್ಗಿಸಿ ನಿಂತ. ನಾಲ್ಕನೆಯವನ ಮೂಗು ತಮ್ಮದೆಂದು ತುಮಿರಾ ಹಟ ಹಿಡಿದಳು. ಅದೇ ಮೂಗಿಗೆ ಇನ್ನೆರಡು ಮನೆಯವರು ಬಂದರು. ನೂರ ಅರವತ್ತು ವರ್ಷ ಒಂದು ಮೂಗು ಹಾಗೇ ಉಳಿದು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವುದು ಬೇಕಾಗಿಯೂ ಇರಲಿಲ್ಲ. ನಿನ್ನೆಯವರೆಗೆ ಕೊಡೆಯ ಕೆಳಗಿನವನ ನೆಂಟರಾಗಿದ್ದವರು ಇವತ್ತು ಹಗ್ಗದಲ್ಲಿದ್ದವರ ನೆಂಟಸ್ತಿಕೆಗೆ ಜಗಳವಾಡುತ್ತಿದ್ದರು.

ದೊಡ್ಡಪ್ಪ ಕಾರ್ಸೊ ಮಾತ್ರ ಬರಲಿಲ್ಲ. ಮ್ಯಾನೇಜರು ಬಂದ.

ಇಂದ್ರಾತ್ಮೊ ಕೆಟ್ಟವನಲ್ಲ. ಸುರಬಾಯಾದ ಕಡೆಯವನು, ಮೆದು ಮಾತು, ಇಸ್ತ್ರಿ ಮಾಡಿದ ಅಂಗಿ. ಚಿತ್ರದ ಮುಂದೆ ನಿಂತು ಕನ್ನಡಕ ಎರಡು ಸಲ ಒರೆಸಿಕೊಂಡ. "ಅಮ್ಮ, ಕೆಲಸ ತುಂಬ ಚೆನ್ನಾಗಿ ಆಗಿದೆ. ಆದ್ರೆ ಈ ಮೂಲೆ... ಇಲ್ಲೊಂದು ಕಬ್ಬಿನ ಪೊದೆ ಬರೆದುಬಿಡಿ. ನಿಮಗದು ಒಂದು ದಿನದ ಕೆಲಸ."

"ಯಾಕೆ ಸ್ವಾಮಿ?"

"ಬರೋ ಅತಿಥಿಗಳಲ್ಲಿ ಈ ಕಾರ್ಖಾನೆ ಕಟ್ಟಿದೋರ ಮರಿಮಕ್ಕಳೂ ಇದ್ದಾರೆ. ಇತಿಹಾಸ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಮದುವೆ ದಿನ ಮನೆಯಲ್ಲಿ ಸೂತಕದ ಮಾತಾಡ್ತಾರಾ? ಕಬ್ಬಿನದಾದ್ರೂ ಮದುವೆ ಮದುವೆನೇ ಅಲ್ವಾ?"

ಮಾತು ಚೆನ್ನಾಗಿಯೇ ಇತ್ತು. ವಾರ್ಸಿನಾ ಏಣಿಯಿಂದ ಇಳಿದು ಅವನೆದುರು ನಿಂತಳು. "ನಾನು ಪರದೆ ಬರೆಯೋಳು ಸ್ವಾಮಿ. ಅರಮನೆ ಮೇಲೆ ಕಾಡು ಬರ್ದಿವ್ನಿ. ಕಾಡಿನ ಮೇಲೆ ಸಮುದ್ರ ಬರ್ದಿವ್ನಿ. ಜನದ ಮೇಲೆ ಪೊದೆ ಬರೆಯಾಕಿಲ್ಲ."

"ಹಾಗಾದ್ರೆ ನಾನು ಬೇರೆ ದಾರಿ ನೋಡಬೇಕಾಗುತ್ತೆ."

"ನೋಡಿ."

ಅವನು ಬೇರೆ ದಾರಿ ನೋಡಿದ. ಅವತ್ತೇ ಮಧ್ಯಾಹ್ನ ಎಡ ಅರ್ಧಕ್ಕೆ ಹಸಿರು ಬಟ್ಟೆಯ ಪರದೆ ಬಂತು. ಶನಿವಾರ ಮದುವೆ ಮುಗಿಯಲಿ, ಸೋಮವಾರ ಪಟ್ಟಣದಿಂದ ಇನ್ನೊಬ್ಬ ಚಿತ್ರಕಾರ ಬಂದು ಸರಿಮಾಡುತ್ತಾನೆ ಎಂದು ಗುಮಾಸ್ತ ತಿಳಿಸಿಹೋದ. ಬಂಡಿಗಳಿಗೆ ನಂಬರು ಬರೆಯುವ ಕೆಲಸವೂ ಇನ್ನು ಅವಳಿಗಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ಅವನ ಮುಖ ಹೇಳಿತು.

ವಾರ್ಸಿನಾ ಅಳುತ್ತ ಕೂರುವ ಜಾತಿಯಲ್ಲ. ಬಣ್ಣ ಬಳಿಯಲು ಬರುವವನ ಕೈಯನ್ನು ಅವಳು ಹಿಡಿಯಲಾರಳು. ಅವನನ್ನು ತಡೆಯುವ ಶಕ್ತಿ ಒಂದಕ್ಕೇ ಇತ್ತು. ಅಪ್ಪಣೆ. ಒಮ್ಮೆ ಊರೆಲ್ಲ ನೋಡುತ್ತಿರುವಾಗ ಆ ಹನ್ನೊಂದು ಜನರ ಅಪ್ಪಣೆ ಕೇಳಿಬಿಟ್ಟರೆ ಸಾಕು. ಆಮೇಲೆ ಯಾವ ಮ್ಯಾನೇಜರೂ ಅವರ ಮೇಲೆ ಕುಂಚ ಇಡಲಾರ. ಇಟ್ಟರೆ ಗಾಣ ನಿಲ್ಲುತ್ತದೆ. ಆದರೆ ಅಪ್ಪಣೆ ಕೇಳುವ ಬಾಯಿ ಊರಲ್ಲಿ ಒಂದೇ ಇತ್ತು, ಅದು ದೊಡ್ಡಪ್ಪನದು.

ಕಾರ್ಸೊ ಅಂಗಳದಲ್ಲಿ ಕೂತು ಎಳೆಯ ತೆಂಗಿನ ಗರಿಯನ್ನು ಸೀಳಿ ಕಬ್ಬಿನ ವಧುವಿಗೆ ಬಾಸಿಂಗ ಹೆಣೆಯುತ್ತಿದ್ದ. ಎಪ್ಪತ್ತೆಂಟು ವರ್ಷವಾದರೂ ಬೆನ್ನು ಬಾಗಿರಲಿಲ್ಲ. ಸೊಸೆ ತಂದಿಟ್ಟ ಸೋಯಾಕಾಳು ಹುದುಗಿಸಿ ಕರಿದ ತೆಂಪೆ ಪಕ್ಕದಲ್ಲಿ ತಣ್ಣಗಾಗಿತ್ತು. ವಾರ್ಸಿನಾಳನ್ನು ಕಂಡರೂ ಕಾಣದವನಂತೆ ಗರಿ ಸೀಳುತ್ತಲೇ ಇದ್ದ.

"ದೊಡ್ಡಪ್ಪ, ನೀನು ಯಾಕೆ ಬರ್ನಿಲ್ಲ ನೋಡಾಕೆ?"

"ನೋಡೋದೇನದೆ? ನೀನು ಉಗುದು ಉಗುದು ನಮ್ಮಜ್ಜನ ಮಾನ ಕಳ್ದಿದ್ದೀಯ."

"ಅವ್ನು ನಮ್ಮಜ್ಜ ಅಲ್ಲ. ಅವ್ನ ಕೈಲಿರೋದು ಕಬ್ಬಲ್ಲ, ಬೆತ್ತ."

"ಐದು ತಲೆಮಾರು, ಮಗಾ." ಮುದುಕ ಈಗ ತಲೆಯೆತ್ತಿದ. "ಐದು ತಲೆಮಾರು ನಾವು ಈ ಊರಲ್ಲಿ ಎದೆ ಎತ್ಕಂಡು ನಡೆದ್ವಿ. ಯಾವ ಮೆರವಣಿಗೆ ಆದ್ರೂ ಮೊದಲು ನಾವು, ಆಮೇಲೆ ಮಿಕ್ಕೋರು. ಈಗ ನಾನು ಊರ ಮುಂದೆ ನಿಂತ್ಕಂಡು ಏನಂತ ಹೇಳ್ಲಿ? ಇಲ್ಲ ಕಣ್ರಪ್ಪ, ನಾವು ಕೊಡೆ ಕೆಳಗಿನೋರಲ್ಲ, ಹಗ್ಗದಲ್ಲಿದ್ದೋರು ಅಂತ ಹೇಳ್ಲಾ?"

"ಹೇಳು. ಊರೇ ಹೇಳ್ತಾ ಅದೆ. ನೀನೊಬ್ನೇ ಕೊಡೆ ಬುಟ್ಟು ಈಚೆಗೆ ಬರ್ತಿಲ್ಲ."

"ಅಜ್ಜ ಮುನಿಸ್ಕಂಡ್ರೆ? ಗಾಣ ಯಾರದಾದ್ರೂ ಜೀವ ಕೇಳ್ತದೆ. ನಿಂಗೇನ್ ಗೊತ್ತು, ಬಣ್ಣದ ಡಬ್ಬ ಹಿಡ್ಕಂಡು ತಿರುಗೋಳು."

ವಾರ್ಸಿನಾ ಇದಕ್ಕಾಗಿಯೇ ಕಾಯುತ್ತಿದ್ದಳೋ, ಅಥವಾ ಹೇಳಬಾರದೆಂದುಕೊಂಡದ್ದು ಬಾಯಿಗೆ ಬಂತೋ, ಅವಳಿಗೇ ತಿಳಿಯಲಿಲ್ಲ. "ನಮ್ಮಪ್ಪನ ಕೈ ಗಾಣಕ್ಕೆ ಸಿಕ್ಕಿ ಮೊಣಕೈವರೆಗೆ ಹೋಯ್ತಲ್ಲ ದೊಡ್ಡಪ್ಪ, ಆ ವರ್ಸ ಅಜ್ಜನ ಅಪ್ಪಣೆ ಕೇಳಿರ್ನಿಲ್ವಾ ನೀನು?"

ಕಾರ್ಸೊನ ಕೈಯಲ್ಲಿದ್ದ ಚಾಕು ನಿಂತಿತು. ಆ ಕೈ ಕಳೆದುಕೊಂಡವನು ಅವನ ಒಡಹುಟ್ಟಿದ ತಮ್ಮ. ಆ ವರ್ಷವೂ ಕಾಫಿ, ಹೂ, ಲೋಬಾನ, ಎಲ್ಲವೂ ಸರಿಯಾಗಿಯೇ ನಡೆದಿತ್ತು. ಅಪ್ಪಣೆಯಾಗಿದೆ ಎಂದು ಕೂಗಿ ಹೇಳಿದವನು ಅವನೇ. ಮುದುಕನಿಗೆ ಎಷ್ಟು ನೋವಾಯಿತೆಂಬುದು ಮುಖದಲ್ಲೇ ಕಾಣುತ್ತಿತ್ತು, ವಾರ್ಸಿನಾಳಿಗೆ ಅಯ್ಯೋ ಅನಿಸಿತು. ಆದರೂ ಆಡಿದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ.

"ಕೊನೇ ಒಬ್ರನ್ನ ನಾನು ಒರೆಸಿಲ್ಲ, ಹಂಗೇ ಬುಟ್ಟಿವ್ನಿ" ಎಂದಳು ಎದ್ದು ನಿಂತು. "ಅದು ನಿನ್ ಪಾಲು. ಬಂದು ನೀನೇ ಒರೆಸು. ಒರೆಸಿದ ಮೇಲೂ ಪೊದೆ ಬರೀ ಅಂದ್ರೆ ನಾನೇ ಬರೀತೀನಿ, ಪಟ್ಟಣದೋನು ಯಾಕೆ ಬೇಕು?"

ಇದು ಸಣ್ಣ ಮಾತಲ್ಲ. ಬೀದಿಗೆ ಬಂದ ಮೇಲೆ ಅವಳು ಆಡಿದ್ದನ್ನು ಮತ್ತೊಮ್ಮೆ ಲೆಕ್ಕ ಹಾಕಿದಳು. ಮುದುಕ ಬಂದು ಒರೆಸಿ, ಆಯ್ತು ಈಗ ಪೊದೆ ಬರೆ ಎಂದರೆ? ಕೊಟ್ಟ ಮಾತು ತಪ್ಪುವವಳಲ್ಲ ಅವಳು. ಆದರೂ ಬೇರೆ ಉಪಾಯ ಹೊಳೆದಿರಲಿಲ್ಲ.

ಗುರುವಾರ ಅವನು ಬರಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿಕೊಂಡು, ಮೆರವಣಿಗೆಯ ದಾರಿ ಅಳೆಯಲು ಬಂದವನಂತೆ ಹೆಜ್ಜೆ ಎಣಿಸುತ್ತ ಗಾಣದ ಮನೆಯೊಳಗೆ ಬಂದ. ವಾರ್ಸಿನಾ ಅಲ್ಲೇ ಏಣಿಯ ಬುಡದಲ್ಲಿ ಕೂತಿದ್ದಳು, ಬೆಳಗಿನಿಂದ ಕೂತಿದ್ದಳು. ಅವಳು ಹಸಿರು ಬಟ್ಟೆಯನ್ನು ಸರಿಸಿದಳು. ಕಾರ್ಸೊ ಅಂಗಿಯ ತೋಳು ಮಡಚಿ ಏಣಿ ಹತ್ತಿದ. ಕೆಳಗೆ ಸಕಿಮಾನ್ ಓಡಿ ಬಂದು ಏಣಿ ಹಿಡಿದುಕೊಂಡ.

"ಬಾಯಲ್ಲಿ ನೀರೇ ಇಲ್ವಲ್ಲಮ್ಮೀ, ಈ ವಯಸ್ಸಲ್ಲಿ" ಎಂದು ಮುದುಕ ಮೇಲಿನಿಂದ ಗೊಣಗಿದ.

ಅವಳು ಒಂದು ಬಿಂಬುಳಿಕಾಯಿ ಕೊಟ್ಟಳು. ಅವನ ಮುಖ ಹುಳಿಗೆ ಹಿಂಡಿಹೋಯಿತು, ಸಕಿಮಾನನಿಗೆ ನಗು ಬಂದರೂ ನಗಲಿಲ್ಲ. ಮುದುಕನಿಗೆ ಕೆಲಸ ಗೊತ್ತಿರಲಿಲ್ಲ, ಆದರೆ ಕೈ ಹದವಾಗಿತ್ತು. ಮೊದಲು ಒಂದು ಪಾದ ಬಂತು. ಆಮೇಲೆ ಸೀರೆಯಂತೆ ಸುತ್ತಿದ ಬಟ್ಟೆಯ ಅಂಚು, ಮಾಸಿದ ಬಾಟಿಕ್. "ಹೆಂಗಸು ಕಣಮ್ಮೀ ಇದು" ಎಂದ. ಕಟ್ಟಿದ ಮಣಿಕಟ್ಟು ಬಂತು, ಭುಜದ ಮೇಲೆ ಹೊರೆ ಕಟ್ಟುವ ವಸ್ತ್ರ ಬಂತು. ಮುಖಕ್ಕೆ ಬಂದಾಗ ಅವನು ಹತ್ತಿ ಬದಲಾಯಿಸಿದ. ತುಂಬ ಹೊತ್ತು ಒಂದೇ ಕಡೆ ಒರೆಸುತ್ತಿದ್ದ.

"ತುಟಿ ಕೆಂಪಗದೆ" ಎಂದ ಕೊನೆಗೆ.

"ಬಣ್ಣ ಇರಬೇಕು."

"ಬಣ್ಣ ಅಲ್ಲ. ದವಡೇಲಿ ಉಂಡೆ ನೋಡು. ಎಲೆ ಅಡಿಕೆ." ಏಣಿಯ ಮೇಲೆಯೇ ಅವನು ತಿರುಗಿ ಕೂತ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈಯಲ್ಲಿದ್ದದ್ದು ಕಪ್ಪು ಹತ್ತಿ ಮಾತ್ರ. "ಎಲೆ ಅಡಿಕೆ ಹಾಕ್ಕಂಡು ಮನೆ ಮುಂದೆ ಕುಂತಿದ್ಲು ಕಣಮ್ಮೀ. ಉಗಿಯಕ್ಕೂ ಬುಡದೆ ಎಬ್ಬಿಸ್ಕಂಡು ಬಂದವ್ರೆ."

ಅವನು ಇಳಿದು, ಕೈ ತೊಳೆದು, ಬಂದ ದಾರಿಯಲ್ಲೇ ಹೋದ. ಪೊದೆ ಬರೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ವಾರ್ಸಿನಾ ಮತ್ತೆ ಬಟ್ಟೆಯನ್ನು ಎಳೆದು ಮುಚ್ಚಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಭಯವೇ ಆಗುತ್ತಿತ್ತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಗಮೆಲಾನ್ ವಾದ್ಯದವರು ಶುರುಮಾಡಿದರು. ಗದ್ದೆಯಿಂದ ಕಬ್ಬಿನ ವಧೂವರರು ಹೊರಟರು. ಗಂಡಿಗೆ ತಲೆಪಾಗು, ಹೆಣ್ಣಿಗೆ ಮಲ್ಲಿಗೆಯ ಜಡೆ, ಹಿಂದೆ ನೆಂಟರಂತೆ ಇಪ್ಪತ್ತು ಜೋಡಿ ಜಲ್ಲೆಗಳು. ತುಮಿರಾಳ ಹೆಂಗಸರು ಹಳದಿ ಅನ್ನದ ಗೋಪುರಗಳನ್ನು ಹೊತ್ತಿದ್ದರು. ಯಾವತ್ತಿನಂತೆ ಎಲ್ಲರಿಗಿಂತ ಮುಂದೆ ಕಾರ್ಸೊ, ಕಪ್ಪು ಅಂಗಿ, ಬೆನ್ನಿಗೆ ಕಠಾರಿ. ಗಾಣದ ಮನೆಯೊಳಗೆ ಬೆತ್ತದ ಕುರ್ಚಿಗಳಲ್ಲಿ ಅತಿಥಿಗಳು, ಅವರ ಕೈಯಲ್ಲಿ ಚಹಾ. ಅವರ ನಡುವೆ ಇಂದ್ರಾತ್ಮೊ ಹೊಸ ಬಾಟಿಕ್ ಅಂಗಿಯಲ್ಲಿ ಓಡಾಡುತ್ತಿದ್ದ. ಚಿತ್ರದ ಬಲ ಅರ್ಧ ಥಳಥಳ ಹೊಳೆಯುತ್ತಿತ್ತು. ಎಡ ಅರ್ಧದಲ್ಲಿ ಹಸಿರು ಬಟ್ಟೆ. ವಾರ್ಸಿನಾ ಬಟ್ಟೆಯ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದಳು, ಅವಳನ್ನು ಯಾರೂ ಕರೆದಿರಲಿಲ್ಲ.

ವಧೂವರರನ್ನು ಗಾಣದ ಬಾಯಿಯ ಮುಂದೆ ಚಾಪೆಯ ಮೇಲೆ ಮಲಗಿಸಿದರು. ವಾದ್ಯ ನಿಂತಿತು. ಸಕಿಮಾನ್ ಹಬೆಯ ಕೀಲಿಯ ಮೇಲೆ ಕೈಯಿಟ್ಟು ತಯಾರಾದ. ಕಾರ್ಸೊ ಚಿತ್ರದ ಮುಂದೆ ಬಂದು, ಕೊಡೆಯ ಕೆಳಗಿನ ಮನುಷ್ಯನನ್ನು ಒಂದು ಗಳಿಗೆ ನೋಡಿದ. ವಾರ್ಸಿನಾ ಬಟ್ಟೆಯ ಅಂಚನ್ನು ಹಿಡಿದುಕೊಂಡಳು. ಮುದುಕ ನಾಲ್ಕು ಹೆಜ್ಜೆ ಎಡಕ್ಕೆ ಸರಿದು, ಹಸಿರು ಬಟ್ಟೆಯೆದುರು ನಿಂತು, ಅವಳ ಕಡೆ ನೋಡಿ ಗದ್ದ ಆಡಿಸಿದ.

ಅವಳು ಬಟ್ಟೆಯನ್ನು ಒಂದೇ ಸಲಕ್ಕೆ ಎಳೆದುಹಾಕಿದಳು.

ಇಂದ್ರಾತ್ಮೊ ಮುಂದೆ ಬಂದ, ಆದರೆ ಅಷ್ಟರಲ್ಲಿ ಕಾರ್ಸೊ ನೆಲಕ್ಕೆ ಕೂತಾಗಿತ್ತು. ಮಂಡಿಯೂರಿ, ಎರಡೂ ಕೈ ಜೋಡಿಸಿ, ಹೆಬ್ಬೆರಳನ್ನು ಮೂಗಿಗೆ ಮುಟ್ಟಿಸಿದ. ರಾಜರಿಗೆ ಮುಗಿಯುವ ರೀತಿ ಅದು. ಇಷ್ಟು ವರ್ಷ ಅಜ್ಜನಿಗೂ ಅವನು ನಿಂತೇ ಕೈ ಮುಗಿದಿದ್ದ. ಆಮೇಲೆ ಅರಮನೆಯ ಮಾತಿನಲ್ಲಿ, ಒಂದೊಂದೇ ಪದ ಬಿಡಿಸಿ, ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಸಂಬೋಧಿಸಿದ. ಹೆಸರು ಯಾರಿಗೆ ಗೊತ್ತು? ಅಗಲ ಕಿವಿಯ ಪೂಜ್ಯರೇ ಎಂದ. ತುಟಿ ಸೀಳಿದ ಪೂಜ್ಯರೇ ಎಂದ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಬಂದ ತಾಯಿ ಎಂದ. ತಮಗೆ ನಾವು ಮಾಡಿದ ಅಪರಾಧ ದೊಡ್ಡದು. ಈ ಗಾಣ ತಿರುಗಿಸಲು ತಮ್ಮ ಅಪ್ಪಣೆಯಾಗಬೇಕು, ಆಗದಿದ್ದರೂ ಹೇಳಬೇಕು ಎಂದ. ತುಮಿರಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತಿಥಿಗಳಲ್ಲಿ ಒಬ್ಬಳು ಮುದುಕಿ ಚಹಾದ ಲೋಟವನ್ನು ಕೆಳಗಿಟ್ಟಳು.

ಅಜ್ಜನನ್ನು ಕೇಳುವಾಗ ಇಲ್ಲಿಗೆ ಮುಗಿಯುತ್ತಿತ್ತು. ಕೇಳಿದ ಕೂಡಲೇ ಜನರ ಕಡೆ ತಿರುಗಿ, ಅಪ್ಪಣೆಯಾಗಿದೆ ಎಂದು ಕೂಗಿಬಿಡುವುದು ವಾಡಿಕೆ. ಎಲ್ಲರೂ ಆ ಕೂಗಿಗೆ ಕಾದರು. ಸಕಿಮಾನ್ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡ. ಕಾರ್ಸೊ ಏಳಲಿಲ್ಲ. ಮಂಡಿಯಿಂದ ಜಾರಿ ಚಕ್ಕಳಮಕ್ಕಳ ಹಾಕಿ ಕೂತ, ಚಿತ್ರದ ಕಡೆಗೇ ಮುಖ ಮಾಡಿ.

ಐದು ನಿಮಿಷವಾಯಿತು. ಹತ್ತಾಯಿತು. ಹಬೆ ಕೊಳವೆಯಲ್ಲಿ ಸುಯ್ಯೆನ್ನುತ್ತಿತ್ತು. ಇಂದ್ರಾತ್ಮೊ ಬೆವರು ಒರೆಸಿಕೊಂಡು ಬಂದು ಮುದುಕನ ಕಿವಿಯ ಹತ್ತಿರ ಬಾಗಿದ. "ಯಜಮಾನ್ರೇ, ಅತಿಥಿಗಳು ಕಾಯ್ತಿದ್ದಾರೆ. ಹೇಳಿಬಿಡಿ ಇನ್ನು."

"ಅವ್ರು ಇನ್ನೂ ಹೂಂ ಅಂದಿಲ್ಲ ಸ್ವಾಮಿ" ಎಂದ ಕಾರ್ಸೊ.

"ಎಷ್ಟು ಹೊತ್ತಾಗುತ್ತೆ?"

"ಯಾರಿಗ್ ಗೊತ್ತು?" ಮುದುಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಬತ್ತೀರಾ, ದುಡೀತೀರಾ ಅಂತ ಅವ್ರನ್ನ ಇದುವರ್ಗೂ ಯಾರೂ ಕೇಳೇ ಇಲ್ಲ. ಇವತ್ತು ಮೊದಲ್ನೇ ಸಲ ಕೇಳಿರೋದು. ಯೋಚ್ನೆ ಮಾಡ್ಲಿ ಬುಡಿ."

ಸಕಿಮಾನ್ ಕೀಲಿಯಿಂದ ಕೈ ತೆಗೆದು ಅಲ್ಲೇ ಕೂತ. ತುಮಿರಾ ಅನ್ನದ ಗೋಪುರ ಇಳಿಸಿ ಕೂತಳು, ಅವಳ ಹಿಂದೆ ಹೆಂಗಸರು, ವಾದ್ಯದವರು, ಕಬ್ಬು ಕಡಿಯುವವರು, ಬಾಗಿಲಾಚೆ ನಿಂತಿದ್ದವರೆಲ್ಲ ಕೂತರು. ನಿಂತಿದ್ದವನು ಇಂದ್ರಾತ್ಮೊ ಒಬ್ಬನೇ. ಅವನು ಚಿತ್ರವನ್ನು ನೋಡಿದ, ಕೂತ ಊರನ್ನು ನೋಡಿದ. ಸೋಮವಾರದ ಚಿತ್ರಕಾರನಿಗೆ ಇನ್ನು ಬರಬೇಡವೆಂದು ಹೇಳಬೇಕಾಗುತ್ತದೆ ಎಂಬುದು ಅವನ ಮುಖದ ಮೇಲೆ ಬರೆದಂತಿತ್ತು. ವಾರ್ಸಿನಾ ದೊಡ್ಡಪ್ಪನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು, ಮತ್ತು ಎಲ್ಲರಂತೆ ಕಾದಳು.